ಅವ್ವ ಆರು ತಿಂಗಳಲ್ಲಿ 6 ಕೆಜಿ ಇಳಿದಿದ್ದಾಳೆ, ಊರಲ್ಲಿ ಒಬ್ಬಳೇ ಇದ್ದಾಳೆ. ಏನು ಮಾಡಲಿ?

ಕುಷ್ಟಗಿ ಮಗಳು | ಭಾನುವಾರ, ರಾತ್ರಿ 10:20

ಅವ್ವನಿಗೆ 71. ಕುಷ್ಟಗಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಒಬ್ಬಳೇ ಇದ್ದಾಳೆ. ಅಪ್ಪ ಹೋಗಿ ಎರಡು ವರ್ಷ ಆಯ್ತು. ನಾನು ಬೆಂಗಳೂರಲ್ಲಿ, ತಮ್ಮ ಹೊಸಪೇಟೆಯಲ್ಲಿ. ಬಾ ಅಂದರೆ ಬರಲ್ಲ. "ನಿಮ್ಮಲ್ಲಿ ಕಟ್ಟಿ ಇಲ್ಲ, ಕುಂತು ಮಾತಾಡಾಕ ಮಂದಿ ಇಲ್ಲ" ಅಂತಾಳೆ. ಅದೂ ನಿಜವೇ.

ಮೊನ್ನೆ ಊರಿಗೆ ಹೋಗಿದ್ದೆ. ಹಗ್ಗದ ಮೇಲೆ ಒಣಗಿದ್ದ ಅವ್ವನ ಕುಬುಸ ಮಡಚಲು ತೆಗೆದೆ. ಎರಡೂ ತೋಳಿಗೆ ಒಳಗಿನಿಂದ ಕೈಹೊಲಿಗೆ ಹಾಕಿದ್ದಳು. ಬಿಳಿ ದಾರದ ಸಾಲೊಂದು, ಹಳೇದು. ಅದರಿಂದ ಅರ್ಧ ಬೆರಳು ಒಳಗೆ ಹಸಿರು ದಾರದ ಇನ್ನೊಂದು ಸಾಲು, ಹೊಸದು. ಉಳಿದ ಕುಬುಸಗಳನ್ನೂ ನೋಡಿದೆ. ನಾಲ್ಕಕ್ಕೂ ಹಾಗೇ ಇತ್ತು. ಕೇಳಿದರೆ "ಸಡ್ಲ ಆಗಿತ್ತು, ಹಿಡದೀನಿ" ಅಂದಳು, ಅಷ್ಟೇ.

ಉಪಕೇಂದ್ರಕ್ಕೆ ಕರೆದುಕೊಂಡು ಹೋಗಿ ತೂಕ ನೋಡಿಸಿದೆ. 41 ಕೆಜಿ. ದಸರಾ ಹೊತ್ತಿಗೆ ಕಣ್ಣಿನ ಆಪರೇಷನ್ ಆದಾಗ ಬರೆದುಕೊಟ್ಟ ಚೀಟಿಯಲ್ಲಿ 47 ಇದೆ.

ತಿನ್ನೋದು ಏನು ಅಂತ ಎರಡು ದಿನ ಸುಮ್ನೆ ಕೂತು ನೋಡಿದೆ. ಬೆಳಿಗ್ಗೆ ಚಹಾ, ಎರಡು ಬಿಸ್ಕತ್ತು. ಹತ್ತು ಗಂಟೆಗೆ ಮತ್ತೆ ಚಹಾ. ಮಧ್ಯಾಹ್ನ ಅನ್ನ, ಮಜ್ಜಿಗೆ, ಮಾವಿನಕಾಯಿ ಉಪ್ಪಿನಕಾಯಿ. ಸಂಜೆ ಚಹಾ. ರಾತ್ರಿ ಮಧ್ಯಾಹ್ನದ್ದೇ ಅನ್ನಕ್ಕೆ ಖಾರಪುಡಿ, ಎಣ್ಣೆ. ರೊಟ್ಟಿ ಬಿಟ್ಟು ಒಂದು ವರ್ಷ ಆಯ್ತಂತೆ, ಅಗಿಯಲು ಆಗಲ್ಲ. ಕೆಳಗಿನ ದವಡೆಯಲ್ಲಿ ನಾಲ್ಕೇ ಹಲ್ಲಿವೆ. ಸಂಕ್ರಾಂತಿಗೆ ನಾನು ಕಳಿಸಿದ ತೊಗರಿಬೇಳೆ ಡಬ್ಬಿಯಲ್ಲಿ ಹಾಗೇ ಇದೆ. "ಒಬ್ಬಾಕಿಗೆ ಏನ್ ಒಲಿ ಹಚ್ಚೂದು?" ಅಂತಾಳೆ. ಮನೆಯಲ್ಲಿ ಗ್ಯಾಸ್ ಇದೆ, ಆದರೂ ಅದೇ ಮಾತು.

ಸಕ್ಕರೆ ಕಾಯಿಲೆ ಇಲ್ಲ. ಬಿಪಿಗೆ ಒಂದು ಮಾತ್ರೆ ಇದೆ. ಒಂದು ಖಾಸಗಿ ಕ್ಲಿನಿಕ್‌ಗೆ ತೋರಿಸಿದೆ. ಡಾಕ್ಟರು ಸರಿಯಾಗಿ ಮುಟ್ಟಿಯೂ ನೋಡಲಿಲ್ಲ. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಅಂದು 700 ರೂಪಾಯಿಯ ಪ್ರೋಟೀನ್ ಪುಡಿ ಬರೆದರು. ಅವ್ವ ಒಂದು ಗುಟುಕು ಕುಡಿದು ಉಳಿದದ್ದನ್ನು ಆಕಳಿಗೆ ಹಾಕಿದಳು.

ನಿಮ್ಮ ಮನೆಯ ಹಿರಿಯರಿಗೆ ಏನು ಕೊಡುತ್ತೀರಿ? ನಾನು ತಿಂಗಳಿಗೆ ಒಂದು ಸಲವಷ್ಟೇ ಊರಿಗೆ ಹೋಗಬಲ್ಲೆ.

ಸಿಂಧನೂರು ರೈತ | ಸೋಮವಾರ, ಬೆಳಿಗ್ಗೆ 6:05

ತಂಗೀ, ಎಲ್ಲಾ ಅನ್ನದಿಂದ ಬಂದದ್ದು. ನಮ್ಮ ಅಪ್ಪ 90 ದಾಟಿ ಬದುಕಿದರು, ಅನ್ನ ನೋಡಿದ್ದು ಹಬ್ಬಕ್ಕೆ ಮಾತ್ರ. 1953 ರಲ್ಲಿ ತುಂಗಭದ್ರಾ ನೀರು ಬಂದಮೇಲೆ ಎಡದಂಡೆ ನಾಲೆ ಉದ್ದಕ್ಕೂ ಭತ್ತ ಆಯ್ತು. ಸಿಂಧನೂರು, ಗಂಗಾವತಿ ಕಡೆ ಬಿಳಿಜೋಳದ ಹೊಲ ಹುಡುಕಬೇಕು ಈಗ. ಹೊಲ ಬದಲಾಯ್ತು, ಗಂಗಾಳವೂ ಬದಲಾಯ್ತು. ಅವ್ವನಿಗೆ ಜೋಳ ಕೊಡಿ, ಎಲ್ಲ ಸರಿಹೋಗುತ್ತೆ.

ಬಳ್ಳಾರಿ ಬಿಸಿಲು | ಸೋಮವಾರ, ಬೆಳಿಗ್ಗೆ 7:30

ಅಣ್ಣಾ, ಹಲ್ಲಿಲ್ಲದವರಿಗೆ ಖಟಕ್ ರೊಟ್ಟಿ ಕೊಡಲು ಹೇಳ್ತೀರಲ್ಲ 😀

ರಾಯಚೂರು ನರ್ಸಕ್ಕ | ಸೋಮವಾರ, ಮಧ್ಯಾಹ್ನ 2:15

ರಾಯಚೂರಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಊಟದ ಮಾತಿಗೆ ಮುಂಚೆ ಒಂದು ವಿಷಯ. 47 ರಿಂದ 41 ಅಂದರೆ ನೂರಕ್ಕೆ ಸುಮಾರು 13 ರಷ್ಟು ಇಳಿದಿದೆ. ಬೇಕೆಂದು ಇಳಿಸದೆ ಆರು ತಿಂಗಳಿಂದ ಒಂದು ವರ್ಷದೊಳಗೆ ನೂರಕ್ಕೆ 5 ಇಳಿದರೇ ತಪಾಸಣೆ ಮಾಡಿಸಬೇಕು ಅಂತಾರೆ. "ವಯಸ್ಸಾಯ್ತು" ಅನ್ನೋದು ರೋಗದ ಹೆಸರಲ್ಲ. ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್, ಕಿಡ್ನಿ, ವಿಟಮಿನ್ ಬಿ12 ಎಲ್ಲ ನೋಡಿಸಿ. ಕೆಮ್ಮು ಎರಡು ವಾರ ದಾಟಿದ್ದರೆ ಕಫ ಪರೀಕ್ಷೆ ತಪ್ಪಿಸಬೇಡಿ. ಟಿಬಿ ಮುದುಕರಲ್ಲಿ ಸದ್ದಿಲ್ಲದೆ ಇರುತ್ತೆ. ಇನ್ನೊಂದು, ಅಪ್ಪ ಹೋದಮೇಲೆ ಅವ್ವ ನಗೋದು, ಮಾತಾಡೋದು ಕಡಿಮೆ ಆಗಿದೆಯಾ ನೋಡಿ. ಮನಸ್ಸು ಕುಗ್ಗಿದವರಿಗೂ ಹಸಿವಾಗಲ್ಲ. ಅದಕ್ಕೂ ಔಷಧಿ ಇದೆ.

ಈಗ ಊಟ. ನಮ್ಮ ದೇಶದ ಲೆಕ್ಕದಲ್ಲಿ ದೊಡ್ಡವರಿಗೆ ಒಂದು ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್. ವಯಸ್ಸಾದವರಿಗೆ 1 ರಿಂದ 1.2 ಗ್ರಾಂ ಬೇಕು ಅಂತ ವೃದ್ಧರ ತಜ್ಞರು ಹೇಳುತ್ತಾರೆ. ಅಂದರೆ ವಯಸ್ಸಾದಂತೆ ಊಟ ಕಡಿಮೆಯಾದರೂ ಬೇಳೆಕಾಳು ಕಡಿಮೆಯಾಗಬಾರದು. ನಮ್ಮ ಮನೆಗಳಲ್ಲಿ ಮೊದಲು ಬಿಟ್ಟುಹೋಗೋದೇ ಅದು. ನಿಮ್ಮ ಅವ್ವನಿಗೆ 45 ಗ್ರಾಂ ಹತ್ತಿರ ಬೇಕು. ನೀವು ಹೇಳಿದ ಊಟದಲ್ಲಿ ಅದರ ಅರ್ಧವೂ ಬರುತ್ತೋ ಇಲ್ಲವೋ.

ತೂಕದ ಯಂತ್ರ ಇಲ್ಲದಿದ್ದರೂ ನೋಡಬಹುದು. ಅವ್ವನನ್ನು ಕುರ್ಚಿಯಲ್ಲಿ ಕೂರಿಸಿ. ಅವರದೇ ಎರಡೂ ಕೈಯ ಹೆಬ್ಬೆರಳು ತೋರುಬೆರಳು ಸೇರಿಸಿ ಬಳೆ ಥರ ಮಾಡಿಸಿ, ಮೀನಖಂಡದ ದಪ್ಪ ಭಾಗಕ್ಕೆ ಹಾಕಿಸಿ. ಬೆರಳು ಸೇರಿ ನಡುವೆ ಸಂದು ಉಳಿದರೆ ಮಾಂಸಖಂಡ ಕರಗಿದೆ ಅಂತ ಅನುಮಾನ ಪಡಬೇಕು. ಜಪಾನಿನವರು ಶುರು ಮಾಡಿದ್ದು ಇದು. ಅಳತೆ ಅವರವರ ಬೆರಳಿಂದಲೇ ಆಗಬೇಕು, ನಿಮ್ಮ ಬೆರಳಿಂದ ಅಲ್ಲ. ಆಮೇಲೆ ಕೈ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲಿ. 12 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಕಾಲಿನ ಶಕ್ತಿ ಕುಂದಿದೆ. ಬೀಳೋದು ಇಂಥವರೇ. ಪಕ್ಕದಲ್ಲಿ ನಿಂತುಕೊಂಡು ಮಾಡಿಸಿ.

ಸಿಂಧನೂರು ರೈತ | ಸೋಮವಾರ, ರಾತ್ರಿ 8:40

ನರ್ಸಮ್ಮಾ, ಹಿರಿಯರು ಒಪ್ಪತ್ತು ಉಂಡು ಗಟ್ಟಿ ಇದ್ದರು. ಈಗ ಎಲ್ಲದಕ್ಕೂ ಗ್ರಾಂ ಲೆಕ್ಕ. ಜೋಳ ಅಂದೆ, ನೀವು ಜಪಾನಿಗೆ ಹೋದಿರಿ.

ರಾಯಚೂರು ನರ್ಸಕ್ಕ | ಸೋಮವಾರ, ರಾತ್ರಿ 9:10

ಜೋಳ ಒಳ್ಳೇದೇ ಅಣ್ಣಾ, ಬೇಡ ಅಂದಿಲ್ಲ. 100 ಗ್ರಾಂ ಜೋಳದಲ್ಲಿ ನಾರು 10 ಗ್ರಾಂ ಇದ್ದರೆ ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಮಲಬದ್ಧತೆ ಇರುವ ಮುದುಕರಿಗೆ ಅದೇ ದೊಡ್ಡದು. ಆದರೆ ಪ್ರೋಟೀನ್ ಜೋಳದಲ್ಲಿ 10 ಗ್ರಾಂ, ಅಕ್ಕಿಯಲ್ಲಿ 7-8 ಗ್ರಾಂ. ಆಕಾಶ ಭೂಮಿ ಅಂತರ ಏನಿಲ್ಲ. ನಿಮ್ಮ ಅಪ್ಪ ಬರೀ ರೊಟ್ಟಿ ತಿಂದು ಬದುಕಿದರಾ? ರೊಟ್ಟಿ ಜೊತೆ ಏನೇನಿತ್ತು ಹೇಳಿ ನೋಡೋಣ.

ಸಿಂಧನೂರು ರೈತ | ಸೋಮವಾರ, ರಾತ್ರಿ 9:25

ಕಾಳು ಪಲ್ಯ ದಿನಾ ಇರುತ್ತಿತ್ತು. ಮಡಿಕೆ, ಹೆಸರು, ಹುರುಳಿ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು. ಮಳೆಗಾಲದಲ್ಲಿ ಪುಂಡಿಪಲ್ಯ. ಎಮ್ಮೆ ಎರಡಿದ್ದವು.

ಸರಿ, ಗೊತ್ತಾಯ್ತು ನೀವು ಹೇಳಿದ್ದು.

ಯಲಬುರ್ಗಾ ಆಶಾ | ಮಂಗಳವಾರ, ರಾತ್ರಿ 9:50

ನಾನು ಆಶಾ ಕಾರ್ಯಕರ್ತೆ. ದಿನಾ ಮನೆಮನೆ ತಿರುಗುತ್ತೇನೆ, ಹಾಗಾಗಿ ಕಂಡದ್ದು ಹೇಳ್ತೀನಿ.

ನಮ್ಮ ಹಳ್ಳಿಗಳಲ್ಲಿ ಗಟ್ಟಿ ಇರುವವರು ದುಡಿಯಲು ಬೆಂಗಳೂರು, ಮಂಗಳೂರು, ಗೋವಾಕ್ಕೆ ಹೋಗಿದ್ದಾರೆ. ಮನೆಯಲ್ಲಿ ಇರೋದು ಅಜ್ಜಿ, ಮೊಮ್ಮಗು. ಅಜ್ಜಿ ಮೊಮ್ಮಗುವಿಗೆ ಹಾಲು ಕೊಟ್ಟು ತಾನು ಕರಿ ಚಹಾ ಕುಡಿಯುತ್ತಾಳೆ. ನಾನು "ಊಟ ಆಯ್ತಾ ಅಮ್ಮಾ" ಅಂದರೆ ಎಲ್ಲರೂ ಆಯ್ತು ಅಂತಾರೆ. ಹಾಗೆ ಕೇಳೋದನ್ನು ಬಿಟ್ಟಿದ್ದೇನೆ. ಈಗ "ಇವತ್ತು ಏನು ಪಲ್ಯ" ಅಂತ ಕೇಳ್ತೀನಿ. ಆಗ ನಿಜ ಹೊರಗೆ ಬರುತ್ತೆ.

ಹಸಿವು ಸಾಯಿಸೋದು ಚಹಾ. ದಿನಕ್ಕೆ ಐದಾರು ಕಪ್ ಕುಡಿಯುವವರಿದ್ದಾರೆ. ಊಟದ ಜೊತೆ ಚಹಾ ಕುಡಿದರೆ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತಲ್ಲ. ಊಟಕ್ಕೂ ಚಹಾಕ್ಕೂ ಒಂದು ಗಂಟೆ ಅಂತರ ಇರಲಿ. ಬಿಡಿಸಲು ಹೋಗಬೇಡಿ, ಜಗಳ ಆಗುತ್ತೆ. ಹತ್ತು ಗಂಟೆಯ ಚಹಾವನ್ನು ಅರ್ಧ ಹಾಲು ಮಾಡಿ, ಬಿಸ್ಕತ್ತಿನ ಬದಲು ಪುಟಾಣಿ ಹಿಟ್ಟು ಬೆಲ್ಲ ಕಲಸಿ ಕೊಡಿ. ಹಲ್ಲಿಲ್ಲದವರೂ ತಿಂತಾರೆ.

ಬಿಪಿ ಇದೆ ಅಂದಿರಿ. ಉಪ್ಪು ಇಡೀ ದಿನಕ್ಕೆ 5 ಗ್ರಾಂ ಒಳಗೆ ಇರಬೇಕು, ಅಂದರೆ ಚಹಾ ಚಮಚ ಒಂದು. ಪಲ್ಯ ಇಲ್ಲದ ಊಟಕ್ಕೆ ಉಪ್ಪಿನಕಾಯಿಯೇ ಪಲ್ಯ ಆಗುತ್ತೆ ನೋಡಿ, ಅಲ್ಲೇ ಬಿಪಿ ಏರೋದು.

ಸಂಧ್ಯಾ ಸುರಕ್ಷಾ ಪಿಂಚಣಿ ಬರುತ್ತಿದೆಯಾ? 65 ದಾಟಿದ, ವರಮಾನ ಕಡಿಮೆ ಇರುವವರಿಗೆ ತಿಂಗಳಿಗೆ 1,200. ಎಷ್ಟೋ ಅಮ್ಮಂದಿರ ಹಣ ಆಧಾರ್ ಜೋಡಣೆ ಸರಿ ಇಲ್ಲದೆ ನಿಂತುಹೋಗಿರುತ್ತೆ, ಅವರಿಗೆ ಗೊತ್ತೇ ಇರಲ್ಲ.

ಗಂಗಾವತಿ ಸೊಸೆ | ಮಂಗಳವಾರ, ರಾತ್ರಿ 11:30

ಇಷ್ಟು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ನಾನು ಅತ್ತೆ ಜೊತೆ ಇದ್ದೇನೆ, 12 ವರ್ಷ ಆಯ್ತು. ದೂರದಲ್ಲಿರುವ ಹೆಣ್ಣುಮಕ್ಕಳು ದೀಪಾವಳಿಗೆ ಬಂದು "ಅವ್ವ ಸಣ್ಣ ಆಗ್ಯಾಳ" ಅಂತ ನನ್ನ ಮುಖ ನೋಡ್ತಾರೆ. ನಾನು ಏನು ಅತ್ತೆಯ ಬಾಯಿಗೆ ಬೀಗ ಹಾಕಿದ್ದೇನಾ?

ಅತ್ತೆ ಎಲ್ಲರದೂ ಆಗಲಿ ಅಂತ ಕಾಯ್ತಾರೆ. ಎರಡೂವರೆಗೆ ಕೂತರೆ ಅರ್ಧ ಸೌಟು ಅನ್ನ. ಸಾರು ಬಡಿಸಿದರೆ ಕೈ ಅಡ್ಡ ಹಿಡಿಯುತ್ತಾರೆ. ತುಂಬಾ ದಿನ ಆದಮೇಲೆ ಕಾರಣ ಗೊತ್ತಾಯ್ತು. ಜಾಸ್ತಿ ಉಂಡರೆ ರಾತ್ರಿ ಪದೇಪದೇ ಬಚ್ಚಲಿಗೆ ಏಳಬೇಕು, ಕತ್ತಲಲ್ಲಿ ಬಿದ್ದರೆ ನನಗೆ ಕಷ್ಟ ಆಗುತ್ತೆ ಅಂತ! ನೀರೂ ಅದಕ್ಕೇ ಕುಡಿಯುತ್ತಿರಲಿಲ್ಲ. ಹೋದ ಬೇಸಿಗೆ ತಲೆಸುತ್ತಿ ಬಿದ್ದು ಎರಡು ಬಾಟಲ್ ಸಲೈನ್ ಹಾಕಿಸಿದ್ದೆವು.

ನಾನು ಮಾಡಿದ್ದು ಇಷ್ಟೇ. ಹಾಸಿಗೆಯಿಂದ ಬಚ್ಚಲವರೆಗೆ ಸಣ್ಣ ಲೈಟು ಹಾಕಿಸಿದೆ, ಗೋಡೆಗೆ ಹಿಡಿಕೆ ಬಡಿಸಿದೆ. ನೀರು, ಮಜ್ಜಿಗೆ ಎಲ್ಲ ಸಂಜೆ ಆರರೊಳಗೆ ಮುಗಿಸುವುದು ಅಂತ ಮಾಡಿದೆ. ಊಟ ಜಾಸ್ತಿ ಆಯ್ತು. ಅಡುಗೆಯಲ್ಲಿ ಏನೂ ಬದಲು ಮಾಡಿರಲಿಲ್ಲ!

ಕುಷ್ಟಗಿ ಮಗಳು | ಬುಧವಾರ, ಬೆಳಿಗ್ಗೆ 8:00

ಅಕ್ಕಾ, ಕೈ ಮುಗಿದೆ. ನಮ್ಮ ಮನೆಯ ಬಚ್ಚಲು ಹಿತ್ತಲಲ್ಲಿದೆ, ಲೈಟು ಇಲ್ಲ. ಇದನ್ನು ನಾನು ಯೋಚನೆಯೇ ಮಾಡಿರಲಿಲ್ಲ.

ಬಳ್ಳಾರಿ ಬಿಸಿಲು | ಬುಧವಾರ, ಮಧ್ಯಾಹ್ನ 1:20

ನೀರಿನ ಮಾತು ಬಂತಲ್ಲ. ನಮ್ಮಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತೆ. ವಯಸ್ಸಾದವರಿಗೆ ಬಾಯಾರಿಕೆಯೇ ಗೊತ್ತಾಗಲ್ಲ. ನಮ್ಮ ಅಪ್ಪನ ಮಂಚದ ಪಕ್ಕ ಬೆಳಿಗ್ಗೆ ಒಂದು ತಂಬಿಗೆ ಇಡ್ತೀವಿ, ಸಂಜೆ ಎಷ್ಟು ಇಳಿದಿದೆ ನೋಡ್ತೀವಿ.

ಅಪ್ಪನದೇ ಇನ್ನೊಂದು ಕಥೆ. ಸಕ್ಕರೆ ಕಾಯಿಲೆ ಇದೆ, ಗ್ಲಿಮೆಪಿರೈಡ್ ತಗೋತಾರೆ. ಶ್ರಾವಣ ಸೋಮವಾರ ಉಪವಾಸ ಬಿಡಲ್ಲ. ಉಪವಾಸ ಇದ್ದರೂ ಮಾತ್ರೆ ತಪ್ಪಿಸಬಾರದು ಅಂತ ನುಂಗಿದ್ದಾರೆ. ಹನ್ನೊಂದು ಗಂಟೆಗೆ ಮೈಯೆಲ್ಲ ಬೆವರು, ಮಾತು ತೊದಲು. ಲಕ್ವ ಹೊಡೆಯಿತು ಅಂತ ಎಲ್ಲರೂ ಅಳಲು ಶುರು. ಪಕ್ಕದ ಮನೆ ಹುಡುಗ ಸಕ್ಕರೆ ಯಂತ್ರ ತಂದು ನೋಡಿದರೆ 48. ಸಕ್ಕರೆ ನೀರು ಕುಡಿಸಿದೆವು, ಕಾಲು ಗಂಟೆಯಲ್ಲಿ "ಯಾಕ ಅಳಾಕತ್ತೀರಿ" ಅಂದರು!

ರಾಯಚೂರು ನರ್ಸಕ್ಕ | ಬುಧವಾರ, ರಾತ್ರಿ 9:00

ದೇವರು ದೊಡ್ಡವನು. 70 ರ ಕೆಳಗೆ ಇಳಿದರೆ ಮೂರು ಚಹಾ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಸರಿಯಾದ ಮೇಲೆ ಊಟ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, 108 ಕರೆಯಿರಿ. ಗ್ಲಿಮೆಪಿರೈಡ್ ಥರದ ಮಾತ್ರೆ, ಇನ್ಸುಲಿನ್ ಇದ್ದವರು ಉಪವಾಸಕ್ಕೆ ಮುಂಚೆ ಡಾಕ್ಟರನ್ನು ಕೇಳಲೇಬೇಕು.

ಸಕ್ಕರೆ ಕಾಯಿಲೆ ಇರುವ ಮುದುಕರ ಮನೆಗಳಲ್ಲಿ ನಾನು ಕಾಣೋದು ಇದು: ಅನ್ನ ಬೇಡ, ಬಾಳೆಹಣ್ಣು ಬೇಡ, ಬೆಲ್ಲ ಬೇಡ, ಗೆಣಸು ಬೇಡ. ಬೇಡಗಳ ಪಟ್ಟಿ ಉದ್ದ. ಅದರ ಬದಲು ಏನು ಕೊಡಬೇಕು ಅಂತ ಯಾರೂ ಹೇಳಲ್ಲ. ಸಕ್ಕರೆ ಚೆನ್ನಾಗಿ ಬಂತು ಅಂತ ಖುಷಿ ಪಡ್ತಾರೆ, ಅಜ್ಜ ಮಾತ್ರ ಗೋಡೆ ಹಿಡಿದು ನಡೀತಿರ್ತಾನೆ.

ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ವರ್ಷಗಟ್ಟಲೆ ತಗೊಂಡವರಲ್ಲಿ ಬಿ12 ಇಳಿಯುತ್ತೆ. ಸಸ್ಯಾಹಾರಿಗಳಾದರೆ ಇನ್ನೂ ಜಾಸ್ತಿ, ಯಾಕಂದರೆ ಕಾಳು, ಸೊಪ್ಪಿನಲ್ಲಿ ಬಿ12 ಇಲ್ಲ. ಹಾಲು ಮೊಸರಲ್ಲಿ ಸ್ವಲ್ಪ ಇದೆ. ಪಾದ ಜೋಮು ಹಿಡಿಯೋದು, ಮರೆವು, ಓಲಾಡೋದು ಎಲ್ಲ ಇದರಿಂದಲೂ ಬರುತ್ತೆ. ಕುಷ್ಟಗಿ ಅಕ್ಕಾ, ಅವ್ವ ಮೊಟ್ಟೆ ತಿಂತಾರಾ?

ಕುಷ್ಟಗಿ ಮಗಳು | ಬುಧವಾರ, ರಾತ್ರಿ 9:40

ಇಲ್ಲ ಮೇಡಂ. ಮೊಟ್ಟೆ ಹೊಸ್ತಿಲು ದಾಟಲ್ಲ ನಮ್ಮ ಮನೆಯಲ್ಲಿ. ಪಾದ ಜೋಮು ಇದೆ ಅಂತ ಮೊನ್ನೆ ಫೋನಲ್ಲಿ ಅಂದಳು, ನಾನು ವಯಸ್ಸಿನದು ಅಂದುಕೊಂಡಿದ್ದೆ.

ರಾಯಚೂರು ನರ್ಸಕ್ಕ | ಬುಧವಾರ, ರಾತ್ರಿ 10:05

ಹಾಗಾದರೆ ಬಿ12 ಮೊದಲು ನೋಡಿಸಿ. ಮೊಟ್ಟೆಗೆ ಜಗಳ ಬೇಡ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್, ಒಂದು ದೊಡ್ಡ ಲೋಟ ಹಾಲಲ್ಲೂ ಅಷ್ಟೇ. ಒಂದು ಹಿಡಿ ಶೇಂಗಾದಲ್ಲಿ 7. ಒಂದು ಹಿಡಿ ಹೆಸರುಬೇಳೆಯಲ್ಲೂ 7, ಅದನ್ನು ಅಕ್ಕಿ ಜೊತೆ ಕುಕ್ಕರಿಗೆ ಹಾಕಿದರೆ ಬೇರೆ ಅಡುಗೆಯೇ ಬೇಡ. ಜೋಳ ಬೇಕೆನಿಸಿದರೆ ನುಚ್ಚು ಮಾಡಿ, ಸಂಗಟಿ ಮಾಡಿ, ಬಿಸಿ ರೊಟ್ಟಿ ಮುರಿದು ಬೇಳೆಸಾರಲ್ಲಿ ನೆನೆಸಿ. ಪುಂಡಿಪಲ್ಯಕ್ಕೆ ಹೇಗೂ ಬೇಳೆ, ನುಚ್ಚು ಹಾಕ್ತೀವಿ, ಅದು ಮೆತ್ತಗೇ ಇರುತ್ತೆ. ಶೇಂಗಾ ಹಿಂಡಿಯನ್ನು ಇನ್ನೊಂದು ಸುತ್ತು ನುಣ್ಣಗೆ ಮಾಡಿ, ಉಪ್ಪು ಅರ್ಧ ಮಾಡಿ, ಮೊಸರಲ್ಲಿ ಕಲಸಿ ಕೊಡಿ. ಮೂಳೆಗೆ ಮಾತ್ರ ಜೋಳ ಸಾಲಲ್ಲ. 100 ಗ್ರಾಂ ರಾಗಿಯಲ್ಲಿ ಸುಣ್ಣದಂಶ 350 ಮಿಲಿಗ್ರಾಂ ಆಸುಪಾಸು ಇದೆ, ಜೋಳದಲ್ಲಿ ತೀರಾ ಕಡಿಮೆ. ವಾರದಲ್ಲಿ ಮೂರು ದಿನ ರಾಗಿ ಅಂಬಲಿ ಆಗಲಿ. ಕಿಡ್ನಿ ಪರೀಕ್ಷೆಯಲ್ಲಿ ಏನಾದರೂ ಏರುಪೇರು ಬಂದರೆ ಈ ಲೆಕ್ಕ ಎಲ್ಲ ಬೇರೆ, ಡಾಕ್ಟರು ಹೇಳಿದಷ್ಟೇ.

ಲಿಂಗಸುಗೂರು ಮೇಷ್ಟ್ರು | ಗುರುವಾರ, ಬೆಳಿಗ್ಗೆ 6:45

ನೀರು ಎಷ್ಟು ಅಂತ ಮಾತಾಡಿದಿರಿ, ಯಾವ ನೀರು ಅಂತ ಯಾರೂ ಕೇಳಲಿಲ್ಲ. ನಮ್ಮ ರಾಯಚೂರು, ಕೊಪ್ಪಳದ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 1.5 ರವರೆಗೆ. ಅದು ದಾಟಿದ ನೀರು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು, ಆಮೇಲೆ ಮೂಳೆ, ಕೀಲು. ಬೆನ್ನು ಬಗ್ಗಿಸಲು ಆಗದೆ ಇಡೀ ಮೈ ತಿರುಗಿಸಿ ನೋಡುವ ಅಜ್ಜಂದಿರನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ವಾತ ಅಂತ ಎಣ್ಣೆ ತಿಕ್ಕುತ್ತಿದ್ದರು. ಕುದಿಸಿದರೆ ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಫ್ಲೋರೈಡ್ ಇನ್ನೂ ಜಾಸ್ತಿಯಾಗುತ್ತೆ. ಊರಲ್ಲಿ ಶುದ್ಧ ನೀರಿನ ಘಟಕ ಇದ್ದರೆ ಕುಡಿಯಲು, ಅಡುಗೆಗೆ ಅದೇ ತರಿಸಿ. ಆದರೆ 20 ಲೀಟರ್ ಕ್ಯಾನ್ 71 ವರ್ಷದವರು ಹೊರೋದು ಹೇಗೆ? ಅದಕ್ಕೇ ಮುದುಕರು ಅಂಗಳದ ಬೋರಿನ ನೀರನ್ನೇ ಕುಡಿತಾರೆ. ಯಾರಾದರೂ ಹುಡುಗನಿಗೆ ಹೇಳಿ ಇಡಿ.

ಗಂಗಾವತಿ ಸೊಸೆ | ಗುರುವಾರ, ರಾತ್ರಿ 10:15

ಇಷ್ಟೆಲ್ಲ ರಾಗಿ ಅಂಬಲಿ, ಹೆಸರುಬೇಳೆ ಅಂದಿರಿ. ಒಬ್ಬಳಿಗೇ ಒಲೆ ಹಚ್ಚಲ್ಲ ಅನ್ನುವವರಿಗೆ ಯಾರು ಮಾಡಿಕೊಡಬೇಕು? ಕುಷ್ಟಗಿ ತಂಗೀ, ಪಕ್ಕದ ಮನೆಯವರು ಹೇಗಿದ್ದಾರೆ?

ಕುಷ್ಟಗಿ ಮಗಳು | ಎರಡು ತಿಂಗಳ ನಂತರ, ಭಾನುವಾರ, ರಾತ್ರಿ 9:00

ತಡವಾಗಿ ಬರೀತಿದ್ದೇನೆ, ಬೈಯಬೇಡಿ.

ಜಿಲ್ಲಾ ಆಸ್ಪತ್ರೆಗೆ ಹೋದೆವು. ಥೈರಾಯ್ಡ್, ಸಕ್ಕರೆ, ಕಿಡ್ನಿ ಚೆನ್ನಾಗಿವೆ. ಕೆಮ್ಮು ಇರಲಿಲ್ಲ, ಆದರೂ ಎಕ್ಸ್‌ರೇ ತೆಗೆದರು, ಏನೂ ಇಲ್ಲ. ಬಿ12 ತುಂಬಾ ಕಡಿಮೆ ಇತ್ತು, ಹಿಮೋಗ್ಲೋಬಿನ್ 9. ಇಂಜೆಕ್ಷನ್ ಶುರುವಾಗಿದೆ, ಕಬ್ಬಿಣದ ಮಾತ್ರೆಯೂ ಇದೆ. ಪಾದದ ಜೋಮು ಸ್ವಲ್ಪ ಕಡಿಮೆ ಅಂತಾಳೆ.

ಸೊಸೆ ಅಕ್ಕ ಕೇಳಿದ ಪ್ರಶ್ನೆ ತಲೆಯಲ್ಲೇ ಉಳಿಯಿತು. ಪಕ್ಕದ ಮನೆಯಲ್ಲೂ ಒಬ್ಬ ಅಜ್ಜಿ ಇದ್ದಾಳೆ. ಅವ್ವನಿಗಿಂತ ಮೂರು ವರ್ಷ ದೊಡ್ಡವಳು, ಅವಳ ಮಗ ಮಂಗಳೂರಲ್ಲಿ. ಅವಳೂ ಒಬ್ಬಳಿಗೇ ಒಲೆ ಹಚ್ಚದವಳೇ! ಇಬ್ಬರ ನಡುವೆ ಒಂದು ಗೋಡೆ ಅಷ್ಟೇ. ಈಗ ಒಂದು ದಿನ ನಮ್ಮ ಮನೆಯಲ್ಲಿ ಅಡುಗೆ, ಒಂದು ದಿನ ಅವರ ಮನೆಯಲ್ಲಿ. ಬೇಳೆ, ಕಾಳು, ಎಣ್ಣೆ ನಾನು ತಿಂಗಳಿಗೊಮ್ಮೆ ಕಿರಾಣಿ ಅಂಗಡಿಗೆ ಹೇಳಿ ಕಳಿಸ್ತೀನಿ. ಹಾಲು, ನೀರಿನ ಕ್ಯಾನು ಅವರ ಮಗನ ಲೆಕ್ಕ. ಮೊದಲ ವಾರವೇ ಜಗಳ, ಆ ಅಜ್ಜಿ ಸಾರಿಗೆ ಉಪ್ಪು ಹಾಕಲ್ಲ ಅಂತ. ಅದನ್ನು ಹಾಗೇ ಬಿಟ್ಟೆ, ಬಿಪಿಗೆ ಒಳ್ಳೇದೇ.

ಹಿತ್ತಲಿಗೆ ಲೈಟು ಹಾಕಿಸಿದ್ದೇನೆ. ಮೀನಖಂಡಕ್ಕೆ ಬೆರಳಿನ ಬಳೆ ಹಾಕಿಸಿದೆ, ಸಂದು ಇದೆ. ಐದು ಸಲ ಏಳಲು ಮೊದಲು 19 ಸೆಕೆಂಡ್ ಹಿಡಿದಿತ್ತು, ಈಗ 15. ಇಬ್ಬರು ಅಜ್ಜಿಯರೂ ಪಂದ್ಯ ಕಟ್ಟಿ ಮಾಡ್ತಾರೆ. ತೂಕ 42 ವರೆ. ಚಪ್ಪಲಿ ಹಾಕಿಕೊಂಡೇ ತಕ್ಕಡಿ ಹತ್ತಿದ್ದಳು, ಇಳಿಸಿ ಮತ್ತೆ ನೋಡಿದೆ.

ಈಗ ಹಲ್ಲು. ಸೆಟ್ ಕಟ್ಟಿಸೋಣ ಅಂದರೆ ಹೂಂ ಅಂದಿದ್ದಾಳೆ. ಎಷ್ಟು ಸಲ ಹೋಗಬೇಕಾಗುತ್ತೆ? ರಜೆ ಹಾಕಲು ಕೇಳ್ತಿದ್ದೇನೆ.

ಬಳ್ಳಾರಿ ಬಿಸಿಲು | ಭಾನುವಾರ, ರಾತ್ರಿ 9:30

ನಮ್ಮ ಅಪ್ಪನಿಗೆ ಐದು ಸಲ ಆಯ್ತು. ಅಳತೆ, ಕಚ್ಚಿಸಿ ನೋಡೋದು, ಮೇಣದ್ದು ಹಾಕಿ ನೋಡೋದು, ಕೊಡೋದು. ಕೊಟ್ಟ ಮೇಲೆ ಒಸಡಿಗೆ ಚುಚ್ಚುತ್ತೆ ಅಂತ ಇನ್ನೊಂದು ಸಲ, ಉಜ್ಜಿ ಕೊಟ್ಟರು. ಚುಚ್ಚಿದರೆ ಹೇಳಲು ಹೇಳಿ. ಅಪ್ಪ ಹೇಳದೆ ಒಂದು ತಿಂಗಳು ಜೇಬಲ್ಲಿ ಇಟ್ಟುಕೊಂಡು ಓಡಾಡಿದ್ದರು.

ಯಲಬುರ್ಗಾ ಆಶಾ | ಭಾನುವಾರ, ರಾತ್ರಿ 9:45

ಬಿಪಿಎಲ್ ಕಾರ್ಡ್ ಇದ್ದರೆ ದುಡ್ಡು ಕೊಡುವ ಮುಂಚೆ ಸರ್ಕಾರಿ ದಂತ ವಿಭಾಗದಲ್ಲಿ ದಂತ ಭಾಗ್ಯ, ಅಂದರೆ ಹಲ್ಲಿನ ಸೆಟ್ ಉಚಿತವಾಗಿ ಕೊಡುವ ಯೋಜನೆ, ಅಂತ ಕೇಳಿ. ಕಾರ್ಡು, ಆಧಾರ್ ಎರಡೂ ಒಯ್ಯಿರಿ. ಪಕ್ಕದ ಮನೆ ಅಜ್ಜಿಗೂ ಹಲ್ಲಿಲ್ಲದಿದ್ದರೆ ಒಂದೇ ಸರ್ಕಾರಿ ಬಸ್ಸಲ್ಲಿ ಇಬ್ಬರನ್ನೂ ಕರೆದುಕೊಂಡು ಹೋಗಿ, ಹೆಂಗಸರಿಗೆ ಟಿಕೆಟ್ ದುಡ್ಡು ಹೇಗೂ ಇಲ್ಲ.